ಬಾಲವಿರುವ ಸೊನ್ನೆ

ಜೂನ್ 2

ತಮ್ಮಾ,

ಮನೆಯವರೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಎತ್ತಿದೆ. ಇನ್ನು ಮುಂದೆ ಚೆನ್ನಾಗಿರುವುದಕ್ಕೂ ಕೇಂದ್ರ ಕಚೇರಿಯಿಂದ ನಂಬರು ಪಡೆಯಬೇಕೇನೋ ಎಂಬ ಅನುಮಾನ ಬಂದು ನಿಲ್ಲಿಸಿದೆ. ಹಾಗಿದ್ದರೆ ಫಾರಂ ಕಳಿಸು, ಮೂರು ಪ್ರತಿ ತುಂಬಿ ಕಳಿಸುತ್ತೇನೆ.

ನಿನ್ನ ಸುತ್ತೋಲೆಯನ್ನು ಎರಡು ಸಲ ಓದಿದೆ. ಸಾರಿಗೆ ಇಲಾಖೆಯ ಹದಿನೇಳು ಶಾಖೆಗಳು ತಮ್ಮ ಕಾಮಗಾರಿಗಳಿಗೆ ತಾವೇ ನಂಬರು ಕೊಟ್ಟುಕೊಳ್ಳುವುದು ಈ ತಿಂಗಳಿಗೆ ಕೊನೆ. ಇನ್ನು ರಸ್ತೆಯಾಗಲಿ, ಸೇತುವೆಯಾಗಲಿ, ಬಸ್ ನಿಲ್ದಾಣವಾಗಲಿ, ಪ್ರತಿಯೊಂದಕ್ಕೂ ಒಂಬತ್ತು ಅಂಕಿಯ ‘ಏಕಸಂಖ್ಯೆ’. ಕೊಡುವವನು ನೀನು, ಬೇಡುವವರು ನಾವು. ಹಳೆಯ ನಂಬರು ಪುಸ್ತಕಗಳೆಲ್ಲ ಗುಜರಿಗೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ನಮ್ಮ ಶಾಖೆಯಲ್ಲಿ ಇರುವುದೇ ಇನ್ನೂರ ಹನ್ನೆರಡು ಕಾಮಗಾರಿ, ಅದಕ್ಕೆ ಒಂಬತ್ತು ಅಂಕಿ ಕಟ್ಟಿಕೊಂಡು ಏನು ಮಾಡಲಿ?

ಕೇಳಿದ್ದಕ್ಕೆ ಪುಸ್ತಕ ಕಳಿಸಿದ್ದೇನೆ. ಅಪ್ಪ ಇಪ್ಪತ್ತೆರಡು ವರ್ಷ, ಆಮೇಲೆ ನಾನು ಹತ್ತೊಂಬತ್ತು ವರ್ಷ, ಅದೇ ಮೇಜಿನ ಮೇಲೆ ಕೈ ಊರಿ ಬರೆದ ಪುಸ್ತಕ. ಬೆನ್ನಿನ ಹೊಲಿಗೆ ಸಡಿಲವಾಗಿದೆ, ಎತ್ತುವಾಗ ಎರಡೂ ಕೈ ಹಾಕು. ಜೊತೆಗೆ ನಿನ್ನ ಹದಿನಾಲ್ಕು ಕಾಲಂಗಳ ಫಾರಂ ಕೂಡ ಇದೆ. ಅದನ್ನು ತುಂಬಿದ ರೀತಿ ನೋಡಿ ಮುಖ ಸಿಂಡರಿಸಬೇಡ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ವಯಸ್ಸು ನನಗೆ ದಾಟಿದೆ.

ಈ ಕಾಗದಕ್ಕೆ ಫೋನಿನಲ್ಲಿ ಉತ್ತರ ಕೊಡಬೇಡ. ಫೋನಿನಲ್ಲಿ ನೀನು ಮಾತು ತೇಲಿಸುತ್ತೀಯ. ಕಾಗದದಲ್ಲಿ ತೇಲಿಸಿದರೆ ನನ್ನ ಕೈಯಲ್ಲಿ ಸಾಕ್ಷಿ ಉಳಿಯುತ್ತದೆ.

ಬಗ್ಗದ ಬೆನ್ನಿನ
ನಿನ್ನ ಅಕ್ಕ


ಜೂನ್ 9

ಅಕ್ಕಾ,

ಪುಸ್ತಕ ಬಂತು. ಎರಡೂ ಕೈ ಹಾಕಿಯೇ ಎತ್ತಿದೆ. ಬೇರೆ ಶಾಖೆಗಳ ಪುಸ್ತಕಗಳನ್ನು ಟೈಪಿಸ್ಟರಿಗೆ ಕೊಟ್ಟೆ, ನಮ್ಮದನ್ನು ಮಾತ್ರ ನಾನೇ ಯಂತ್ರಕ್ಕೆ ಏರಿಸಿದೆ. ಮಧ್ಯಾಹ್ನದ ಊಟ ಮುಗಿಸಿ ದಿನಕ್ಕೆ ಇಷ್ಟಿಷ್ಟು ಪುಟ. ಅಪ್ಪನ ಅಕ್ಷರ ಮುಗಿದು ನಿನ್ನ ಅಕ್ಷರ ಶುರುವಾಗುವ ಪುಟಕ್ಕೆ ಬಂದಾಗ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿದೆ.

ನೀನು ಎಷ್ಟೇ ಗೇಲಿ ಮಾಡು, ಈ ಕೆಲಸ ನನಗೆ ಬೇಕಿತ್ತು. ಮೆಟ್ಟಿಲು, ಚಮಚ, ಕಿಟಕಿ ಸರಳು, ಕಂಡದ್ದನ್ನೆಲ್ಲ ಎಣಿಸುತ್ತಿದ್ದ ನನಗೆ ‘ಎಣಿಕೆ’ ಎಂದು ಹೆಸರಿಟ್ಟವಳು ನೀನೇ. ಈಗ ಇಡೀ ಇಲಾಖೆಯನ್ನು ಎಣಿಸು ಅಂದಿದ್ದಾರೆ. ಹದಿನೇಳು ಶಾಖೆಗಳಲ್ಲಿ ಹದಿನೇಳು ‘ನಂಬರ್ 5’ ಇದ್ದವು ಅಕ್ಕಾ. ಯಾವ ಐದು ಎಂದು ಕೇಳದೆ ಲೋಡುಗಟ್ಟಲೆ ಜಲ್ಲಿ ಹೋಗುತ್ತಿತ್ತು. ಅರವತ್ತೆರಡನೇ ನಂಬರಿನ ಗೊಂದಲದ ಬಗ್ಗೆ ನೀನೂ ಕೇಳಿರುತ್ತೀಯ. ಅದು ಇನ್ನೊಮ್ಮೆ ಆಗಬಾರದು.

ಇನ್ನೊಂದು ವಿಷಯ, ಹೇಳಿದರೆ ಹೊಡೆಯಬಾರದು. ನಿನ್ನ ಪುಸ್ತಕದಲ್ಲಿ ಒಂದು ತಪ್ಪು ಸಿಕ್ಕಿತು! ಮುಗಿದ ಕಾಮಗಾರಿಗಳನ್ನು ತಾರೀಖಿನ ಕ್ರಮದಲ್ಲಿ ಬರೆದ ಭಾಗದಲ್ಲಿ 149 ಎರಡು ಸಲ ಇದೆ. ಎರಡೂ ಹೆದ್ದಾರಿಯ ಪಾದಚಾರಿ ಸೇತುವೆ, ಎರಡೂ ಒಂದೇ ದಿನ ಮುಗಿದದ್ದು. ಒಂದನ್ನು ತೆಗೆದುಹಾಕಿದೆ. ಅಕ್ಕನೂ ತೂಕಡಿಸುತ್ತಾಳೆ ಎಂದು ಗೊತ್ತಾಗಿ ನನಗೇನೋ ಸಮಾಧಾನ.

ಪಟ್ಟಿಯ ಅಚ್ಚಾದ ಪ್ರತಿ ಈ ವಾರ ನಿನಗೆ ತಲುಪುತ್ತದೆ. ಕೊನೆಯ ಪುಟದಲ್ಲಿ ‘ಇದರ ಹೊರತು ನಮ್ಮ ಶಾಖೆಯಲ್ಲಿ ಬೇರೆ ಕಾಮಗಾರಿ ಇರುವುದಿಲ್ಲ’ ಎಂಬ ಸಾಲಿನ ಕೆಳಗೆ ಸಹಿ ಹಾಕಿ ಕಳಿಸು. ಭಾವನಿಗೆ ನಮಸ್ಕಾರ ಹೇಳು. ನಿನ್ನ ಸೊಸೆ, ಅತ್ತೆ ಯಾವಾಗ ಬರ್ತಾಳೆ ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ನಾಲ್ಕೇ, ಎಣಿಸಿದ್ದೇನೆ.

ನಿನ್ನ
ಎಣಿಕೆ


ಜೂನ್ 16

ಎಣಿಕೆರಾಯರೇ,

ತೂಕಡಿಸಿದವಳು ನಾನಲ್ಲ. ನಿನ್ನ ಪಟ್ಟಿಯಲ್ಲಿ 139 ಇದೆ, 141 ಇದೆ, ನಡುವೆ ಇರಬೇಕಾದ 140 ಇಲ್ಲ. ನೀನು ತೆಗೆದುಹಾಕಿದ ಎರಡನೇ 149 ಇದೆಯಲ್ಲ, ಅದು 140. ಸೊನ್ನೆಗೆ ಒಂದು ಬಾಲ ಇದೆ. ಬಾಲವಿರುವ ಸೊನ್ನೆಯನ್ನು ನೀನು ಒಂಬತ್ತು ಎಂದು ಓದಿದ್ದೀಯ.

ಆ ಬಾಲ ಏನೆಂದು ಅಪ್ಪ ನನಗೆ ಹೇಳಿಕೊಟ್ಟಾಗ ನೀನೂ ಅದೇ ಕೋಣೆಯಲ್ಲಿದ್ದೆ, ಆದರೆ ಕಿಟಕಿಯ ಸರಳು ಎಣಿಸುತ್ತಿದ್ದೆ. ವರ್ಷದ ಕೊನೆಗೆ ಸಾಹೇಬರು ಬಂದು ‘ಮುಗಿದಿದೆ ಅಂತ ಬರೀರಿ’ ಅನ್ನುತ್ತಿದ್ದರು. ಕೆಲಸ ಮುಗಿದಿರುತ್ತಿರಲಿಲ್ಲ. ಬರೆಯುವುದಿಲ್ಲ ಎಂದರೆ ಕುರ್ಚಿ ಹೋಗುತ್ತಿತ್ತು. ಅಪ್ಪ ಬರೆಯುತ್ತಿದ್ದರು, ಬರೆದು ಕೊನೆಯ ಅಂಕಿಗೆ ಒಂದು ಬಾಲ ಎಳೆಯುತ್ತಿದ್ದರು. ‘ಸಾಹೇಬ್ರು ಮುಗೀತು ಅಂದ್ರೆ ಮುಗೀತು ಅಂತ ಬರಿ ಮಗಳೇ. ಆದ್ರೆ ಬಾಲ ಹಾಕು. ನಿಜವಾಗ್ಲೂ ಮುಗಿದ ದಿನ ಬ್ಲೇಡಲ್ಲಿ ಕೆರೆದು ತೆಗಿ’ ಅನ್ನುತ್ತಿದ್ದರು. ಅಪ್ಪನ ಕಾಲದ ಬಾಲಗಳನ್ನೆಲ್ಲ ಒಂದೊಂದಾಗಿ ಕೆರೆದಿದ್ದೇನೆ. ಪುಸ್ತಕದಲ್ಲಿ ಉಳಿದದ್ದು ಒಂದೇ ಬಾಲ, ಅದು 140.

140 ಎಂದರೆ ಆಸ್ಪತ್ರೆಯ ಎದುರಿನ ಸೇತುವೆ. ಮೂರನೇ ಕಂಬದ ಮೇಲೆ ತೊಲೆ ಕೂರುವ ಕಡೆ ಎಂಟು ಬೋಲ್ಟ್ ಇರಬೇಕು, ನಾಲ್ಕೇ ಇವೆ. ಉಳಿದ ನಾಲ್ಕು ನಿಮ್ಮ ಕೇಂದ್ರ ಉಗ್ರಾಣದಿಂದ ಇವತ್ತಿನವರೆಗೂ ಬಂದಿಲ್ಲ. ಎಂಟು ವರ್ಷದಲ್ಲಿ ಹದಿನೆಂಟು ಜ್ಞಾಪನ ಬರೆದಿದ್ದೇನೆ. ಬೋಲ್ಟ್ ಇಲ್ಲದ ಕಡೆ ಮರದ ಬೆಣೆ ಹೊಡೆದು ತಂತಿ ಬಿಗಿದಿದ್ದಾರೆ. ಕೆಳಗೆ ಲಾರಿಗಳು ಓಡಿ ಓಡಿ ಬೆಣೆ ಸಡಿಲವಾಗುತ್ತದೆ, ಅದಕ್ಕೆ ಮೇಸ್ತ್ರಿ ತಿಂಗಳಿಗೊಮ್ಮೆ ಏಣಿ ಲಾರಿ ತೆಗೆದುಕೊಂಡು ಹೋಗಿ ಸುತ್ತಿಗೆಯಲ್ಲಿ ಬಡಿದು ಬರುತ್ತಾರೆ. ಅದಕ್ಕೆ ಕೆಲಸದ ಚೀಟಿ ಬರೆದುಕೊಡುತ್ತಿದ್ದವಳು ನಾನು. ಈಗ ನಿನ್ನ ಯಂತ್ರ ಒಂಬತ್ತು ಅಂಕಿ ಕೊಡದೆ ಚೀಟಿ ಕೊಡುವುದಿಲ್ಲ. ಚೀಟಿ ಇಲ್ಲದೆ ಏಣಿ ಲಾರಿ ಶೆಡ್ಡಿನಿಂದ ಹೊರಡುವುದಿಲ್ಲ.

ನಿನ್ನೆ ಮೇಸ್ತ್ರಿ ನನ್ನ ಮೇಜಿನ ಮುಂದೆ ನಿಂತು ಹೇಳಿದರು: ‘ಅಮ್ಮಾ, ಬೆಣೆ ಅಂದ್ರೆ ಹಲ್ಲಿದ್ದ ಹಾಗೆ. ಒಂದ್ಸಲ ಅಲ್ಲಾಡೋಕೆ ಶುರುವಾದ್ರೆ ಆಮೇಲೆ ಯಾರ ಮಾತೂ ಕೇಳಲ್ಲ.’

ಇದನ್ನು ಇವತ್ತೇ ಸರಿಮಾಡು. ನೀನು ಓದಿದ್ದು ತಪ್ಪು, ನೀನೇ ತಿದ್ದು.

ಅಕ್ಕ


ಜೂನ್ 24

ಅಕ್ಕಾ,

ನಿನ್ನ ಕಾಗದ ಬಂದು ಐದು ದಿನ ಆಯಿತು. ತಡವಾಗಿದ್ದಕ್ಕೆ ಕ್ಷಮೆ ಇರಲಿ. ಪುಸ್ತಕ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ನೀನು ಹೇಳಿದ್ದು ನಿಜ. ಅದು ಸೊನ್ನೆ.

ಆದರೆ ವಿಷಯ ಅಷ್ಟು ಸುಲಭವಿಲ್ಲ. ಪಟ್ಟಿ ಮುಚ್ಚಿ ನಿರ್ದೇಶಕರ ಸಹಿ ಆಗಿದೆ. ಒಮ್ಮೆ ಮುಚ್ಚಿದ ಪಟ್ಟಿಗೆ ನಡುವೆ ಒಂದು ಸಂಖ್ಯೆ ತುರುಕಿದರೆ ಹದಿನೇಳು ಶಾಖೆಯವರೂ ತಮ್ಮದೊಂದು ಇದೆ ಎಂದು ಬರುತ್ತಾರೆ. ಕೆಲವು ನಿಯಮಗಳಿವೆ. ಅವುಗಳಲ್ಲಿ ಕೆಲವು ನಮ್ಮ ಈ ವಿಷಯಕ್ಕೆ ಹೊಂದುವುದಿಲ್ಲ. ಮುಂದಿನ ವರ್ಷ ಪಟ್ಟಿ ಪರಿಷ್ಕರಣೆ ಆಗುವಾಗ ಸೇರಿಸುವ ದಾರಿ ಹುಡುಕುತ್ತೇನೆ. ಸದ್ಯಕ್ಕೆ ನೀನು ಸಹಿ ಹಾಕಿ ಕಳಿಸಿಬಿಡು. ನಿನ್ನ ಶಾಖೆಯೊಂದೇ ಬಾಕಿ ಇರುವುದು, ಎಲ್ಲರ ಕಣ್ಣೂ ನಿನ್ನ ಮೇಲೇ ಇದೆ.

ಮೇಸ್ತ್ರಿಯವರನ್ನು ಒಂದೆರಡು ಸಲ ಹಾಗೇ ಕಳಿಸಲು ಆಗುವುದಿಲ್ಲವೇ?

ಎಣಿಕೆ


ಜುಲೈ 1

ಇವರಿಗೆ,
ಮುಖ್ಯಸ್ಥರು,
ಏಕಸಂಖ್ಯಾ ಘಟಕ, ಕೇಂದ್ರ ಕಚೇರಿ

ಮಾನ್ಯರೇ,

ವಿಷಯ: ಇಲ್ಲದ ಸೇತುವೆಯನ್ನು ಮುಚ್ಚಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಆಸ್ಪತ್ರೆಯ ಎದುರಿನ ಪಾದಚಾರಿ ಸೇತುವೆಯು ತಮ್ಮ ಪಟ್ಟಿಯ ಪ್ರಕಾರ ಅಸ್ತಿತ್ವದಲ್ಲಿ ಇರುವುದಿಲ್ಲ. ಅಸ್ತಿತ್ವದಲ್ಲಿ ಇಲ್ಲದ್ದನ್ನು ಮುಚ್ಚಲು ಯಾರ ಅನುಮತಿಯೂ ಬೇಕಾಗುವುದಿಲ್ಲವೆಂದು ತಿಳಿದು, ನಿನ್ನೆ ಬೆಳಿಗ್ಗೆ ಏಳು ಗಂಟೆಗೆ ನಾನು ಮತ್ತು ಮೇಸ್ತ್ರಿಯವರು ಸದರಿ ಸೇತುವೆಯ ಎರಡೂ ಕಡೆಯ ಮೆಟ್ಟಿಲಿಗೆ ಹಗ್ಗ ಕಟ್ಟಿ ಹಲಗೆ ನಿಲ್ಲಿಸಿರುತ್ತೇವೆ. ಹಲಗೆಯ ಮೇಲೆ 140 ಎಂದು ಬರೆದು ಸೊನ್ನೆಗೆ ಬಾಲ ಹಾಕಲಾಗಿದೆ. ಈ ಸಲ ಯಾರೂ ಒಂಬತ್ತು ಎಂದು ಓದದಷ್ಟು ದೊಡ್ಡ ಬಾಲ.

ಮೇಸ್ತ್ರಿಯವರನ್ನು ‘ಹಾಗೇ’ ಕಳಿಸಬಹುದೇ ಎಂದು ತಾವು ವಿಚಾರಿಸಿದ್ದೀರಿ. ಅವರ ಉತ್ತರವನ್ನು ಅವರ ಮಾತಿನಲ್ಲೇ ಲಗತ್ತಿಸಿದೆ: ‘ಚೀಟಿ ಇಲ್ದೆ ಏಣಿ ಹತ್ತಿ ಬಿದ್ರೆ, ಕೆಲಸ ಮಾಡ್ತಾ ಬಿದ್ದ ಅನ್ನಲ್ಲ ಅಮ್ಮಾ. ಸುಮ್ನೆ ಬಿದ್ದ ಅಂತಾರೆ.’

ಜನ ನನ್ನನ್ನು ಬೈಯುತ್ತಿದ್ದಾರೆ ಎಂಬುದನ್ನೂ ದಾಖಲಿಸಬಯಸುತ್ತೇನೆ. ಆಸ್ಪತ್ರೆಗೆ ಹೋಗುವವರು ಈಗ ಇಪ್ಪತ್ತು ನಿಮಿಷ ಸುತ್ತಿ ಇನ್ನೊಂದು ಸೇತುವೆ ಹತ್ತಬೇಕು. ಸುತ್ತಲಾರದವರು ಹೆದ್ದಾರಿಯನ್ನೇ ದಾಟುತ್ತಿದ್ದಾರೆ. ಬಾಣಂತಿ ಮಗಳಿಗೆ ಊಟ ಒಯ್ಯುತ್ತಿದ್ದ ಒಬ್ಬ ತಾಯಿ ಬುತ್ತಿಯನ್ನು ಹಲಗೆಯ ಮುಂದೆ ಕುಕ್ಕಿ, ‘ನಿಮ್ಮ ಮನೆಯವ್ರು ಮಲಗಿದ್ರೆ ಗೊತ್ತಾಗ್ತಿತ್ತು ನಿಮ್ಗೆ’ ಎಂದರು. ಅವರಿಗೆ ಏನು ಹೇಳಬೇಕೆಂದು ಘಟಕದಿಂದ ಸೂಚನೆ ಬಂದರೆ ಪಾಲಿಸಲಾಗುವುದು.

ನಾನು ಸಹಿ ಹಾಕುವುದಿಲ್ಲ. ಮುಂದಿನ ವರ್ಷವೂ ಇಲ್ಲ, ಈ ಜನ್ಮದಲ್ಲೂ ಇಲ್ಲ.

ತಮ್ಮ ವಿಶ್ವಾಸವನ್ನು ಕಳೆದುಕೊಂಡಿರುವ,
ದಾಖಲೆ ಗುಮಾಸ್ತೆ


ಜುಲೈ 7

ಅಕ್ಕಾ,

ನನಗೆ ‘ಮಾನ್ಯರೇ’ ಎಂದು ಬರೆದೆಯಲ್ಲ. ಅಷ್ಟು ಸಾಕಿತ್ತು, ಉಳಿದದ್ದು ಓದುವ ಅಗತ್ಯವೇ ಇರಲಿಲ್ಲ. ಆದರೂ ಓದಿದೆ. ನಿರ್ದೇಶಕರೂ ಓದಿದರು, ಏಕೆಂದರೆ ನೀನು ಅವರಿಗೂ ಪ್ರತಿ ಕಳಿಸಿದ್ದೀಯ.

ನಾನು ಹೆದರುಪುಕ್ಕಲ ಎಂದು ನಿನಗೆ ಅನಿಸಿರಬಹುದು. ಅರವತ್ತೆರಡರ ಕಥೆ ಪೂರ್ತಿ ಹೇಳುತ್ತೇನೆ, ಆಮೇಲೆ ಅಂದುಕೋ. ಎರಡು ಶಾಖೆಗಳಲ್ಲಿ ಎರಡು 62 ಇದ್ದವು. ಒಂದರ ಗೋಡೆ ಬಿರುಕು ಬಿಟ್ಟಿತ್ತು, ಇನ್ನೊಂದು ಗಟ್ಟಿಯಾಗಿತ್ತು. ‘62ನ್ನು ಕೂಡಲೇ ರಿಪೇರಿ ಮಾಡುವುದು’ ಎಂದು ಇಲ್ಲಿಂದ ಒಂದು ಸಾಲಿನ ಆದೇಶ ಹೋಯಿತು. ಯಾವ ಶಾಖೆ ಎಂದು ಅದರಲ್ಲಿ ಇರಲಿಲ್ಲ. ಗಟ್ಟಿಯಾಗಿದ್ದಕ್ಕೆ ಗಾರೆ ಬಳಿದು ಬಂದರು. ಬಿರುಕು ಬಿಟ್ಟದ್ದು ಹನ್ನೊಂದನೇ ದಿನ ಒಂದು ಲಾರಿಯ ಸಮೇತ ಕುಸಿಯಿತು. ಚಾಲಕನ ಬಲಗಾಲು ಹೋಯಿತು.

ಆ ಒಂದು ಸಾಲು ಬರೆದವನು ನಾನು.

ಅವನ ಮನೆಗೆ ಹೋಗಿದ್ದೆ. ಊರುಗೋಲು ಊರಿಕೊಂಡು ಅವನೇ ಬಂದು ಬಾಗಿಲು ತೆಗೆದ. ‘ಯಾರು ಬೇಕಿತ್ತು?’ ಎಂದ. ‘ವಿಳಾಸ ತಪ್ಪಾಯ್ತು’ ಎಂದು ಹೇಳಿ ವಾಪಸ್ ಬಂದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಏಕಸಂಖ್ಯೆ ಬೇಕೆಂದು ಒಂದೂವರೆ ವರ್ಷ ಮೇಲಿನವರ ಹಿಂದೆ ಬಿದ್ದದ್ದು ಇದಕ್ಕೆ. ಅದರ ನಿಯಮಗಳನ್ನು ಬರೆದವನೂ ನಾನೇ. ಯಾರೂ ಜಾರಿಕೊಳ್ಳದ ಹಾಗೆ ಬಿಗಿಯಾಗಿ ಬರೆದೆ. ಎಷ್ಟು ಬಿಗಿಯಾಗಿ ಬರೆದೆ ಎಂಬುದು ಈಗ ಗೊತ್ತಾಗುತ್ತಿದೆ.

ಅಕ್ಕಾ, ಬೇಡಿಕೊಳ್ಳುತ್ತಿದ್ದೇನೆ, ಸಹಿ ಹಾಕು. ನಿನ್ನ ಪುಸ್ತಕದ ಜೊತೆ ಬಂದ ಕಾಗದಗಳನ್ನೆಲ್ಲ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಯಾಕೆ ಎಂದು ಕೇಳಬೇಡ. ಬೇರೆ ದಾರಿ ಹುಡುಕುತ್ತಿದ್ದೇನೆ, ಸಮಯ ಕೊಡು.

ನಿನ್ನ ತಮ್ಮ


ಜುಲೈ 15

ತಮ್ಮಾ,

ಅರವತ್ತೆರಡರ ವಿಷಯ ಓದಿ ಕಾಗದ ಮಡಚಿಟ್ಟು ಹೊರಗೆ ಜಗುಲಿಯಲ್ಲಿ ಕೂತೆ. ನಿನ್ನ ಭಾವ ಬಂದು ‘ಏನಾಯ್ತು?’ ಎಂದರು. ‘ನನ್ನ ತಮ್ಮ ದೊಡ್ಡವನಾಗಿದ್ದಾನೆ, ನನಗೆ ಗೊತ್ತೇ ಆಗ್ಲಿಲ್ಲ’ ಎಂದೆ. ಒಂದೂವರೆ ವರ್ಷ ಇದನ್ನು ಒಬ್ಬನೇ ಹೊತ್ತುಕೊಂಡಿದ್ದೆಯಲ್ಲ. ನನಗೆ ಹೇಳಬಾರದಿತ್ತೇ? ಹೇಳಿದ್ದರೆ ನಿನ್ನ ಒಂಬತ್ತು ಅಂಕಿಯನ್ನು ಇಷ್ಟು ಆಡಿಕೊಳ್ಳುತ್ತಿರಲಿಲ್ಲ. ಸ್ವಲ್ಪ ಆಡಿಕೊಳ್ಳುತ್ತಿದ್ದೆ.

ಈಗ ಬೈಗುಳ. ಬೀರುವಿಗೆ ಬೀಗ ಹಾಕಿದ್ದು ಯಾಕೆ ಎಂದು ಕೇಳಬೇಡ ಎಂದೆ. ನಾನು ಕೇಳಲಿಲ್ಲ, ಓದಿದೆ. ನಿನ್ನ ನಿಯಮಗಳ ಕೈಪಿಡಿ ಮೊನ್ನೆ ನಮ್ಮ ಶಾಖೆಗೆ ಬಂತು. ಹದಿನಾಲ್ಕನೇ ಪುಟ: ‘ಶಾಖೆಯು ಕೊಟ್ಟ ತಪ್ಪು ಮಾಹಿತಿಯಿಂದಲೇ ಕಾಮಗಾರಿಯು ಪಟ್ಟಿಯಿಂದ ಬಿಟ್ಟುಹೋಗಿದ್ದು ಲಿಖಿತವಾಗಿ ಸಾಬೀತಾದಲ್ಲಿ, ಮೂರು ದಿನದೊಳಗೆ ಹೊಸ ಸಂಖ್ಯೆ ನೀಡತಕ್ಕದ್ದು. ತಪ್ಪು ಮಾಹಿತಿ ನೀಡಿದ ನೌಕರರನ್ನು ಅಮಾನತುಗೊಳಿಸತಕ್ಕದ್ದು.’ ಇದನ್ನು ನೋಡಿಲ್ಲ ಎನ್ನಬೇಡ, ಬರೆದವನೇ ನೀನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಓದಿದ ಕೂಡಲೇ ನನ್ನ ಕೈ ಹೆಗಲಿಗೆ ಹೋಯಿತು. ನಿನ್ನ ಫಾರಂನ ಹನ್ನೊಂದನೇ ಕಾಲಂ: ‘ನಿಮ್ಮ ಪುಸ್ತಕದಲ್ಲಿ ಬಳಸುವ ವಿಶೇಷ ಗುರುತುಗಳಿದ್ದರೆ ವಿವರಿಸಿ.’ ನಾನು ‘ಇಲ್ಲ’ ಎಂದು ಬರೆದೆ. ಮರೆತು ಬರೆದದ್ದಲ್ಲ. ಪೆನ್ನು ಹಿಡಿದು ಯೋಚಿಸಿ ಬರೆದೆ. ಅಪ್ಪನ ಬಾಲವನ್ನು ಕೇಂದ್ರ ಕಚೇರಿಯವರಿಗೆ ಯಾಕೆ ಹೇಳಬೇಕು, ಅದು ನಮ್ಮ ಮೇಜಿನ ಗುಟ್ಟು, ಪುಸ್ತಕ ಗುಜರಿಗೆ ಹಾಕುವವರಿಗೆ ಗುಟ್ಟೊಂದು ಕೇಡು ಎಂದುಕೊಂಡೆ. ಹಟಕ್ಕೆ ಬರೆದೆ. ಆಮೇಲೆ ನಿನ್ನನ್ನು ಕುರುಡ ಎನ್ನುವ ಹಾಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ಫಾರಂ ನಿನ್ನ ಕಣ್ಣಿಗೆ ಬಿದ್ದದ್ದು ಯಾವಾಗ? ಜೂನ್ ಇಪ್ಪತ್ತನಾಲ್ಕರ ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಅಷ್ಟರಲ್ಲೇ ಗೊತ್ತಿತ್ತು ಅಲ್ಲವೇ? ಆ ಒಂದು ಕಾಗದ ನಿರ್ದೇಶಕರ ಮೇಜಿಗೆ ಹೋಗಿದ್ದರೆ ನಿನ್ನ ಮೇಲೆ ಒಂದು ಮಾತೂ ಬರುತ್ತಿರಲಿಲ್ಲ. ನೀನು ಅದನ್ನು ಬೀರುವಿಗೆ ಹಾಕಿ ಬೀಗ ಜಡಿದು ನನ್ನ ಬೈಗುಳ ತಿಂದೆ.

ನನಗೆ ಅಳು ಬಂತು ಎಂದು ಬರೆದರೆ ನೀನು ಎಣಿಸಲು ಕೂರುತ್ತೀಯ, ಅದಕ್ಕೆ ಬರೆಯುವುದಿಲ್ಲ. ಆದರೆ ಕೇಳು. ನನ್ನನ್ನು ಕಾಯಲು ಸೇತುವೆಯನ್ನು ಬಿಟ್ಟೆಯಾ? ಹಗ್ಗವನ್ನು ಜನ ದಿನಾ ಬಿಚ್ಚುತ್ತಾರೆ, ನಾವು ದಿನಾ ಕಟ್ಟುತ್ತೇವೆ. ಒಂದು ದಿನ ನಾವು ಕಟ್ಟುವುದು ತಡವಾದರೆ? ಆಗ ಆ ಬುತ್ತಿಯ ತಾಯಿಯ ಮನೆ ಬಾಗಿಲಿಗೆ ಹೋಗಿ ವಿಳಾಸ ತಪ್ಪಾಯಿತು ಎನ್ನುವವರು ನಾವಿಬ್ಬರೂ ಆಗುತ್ತೇವೆ.

ನಿನ್ನ ಅಪ್ಪಣೆಗೆ ಕಾದಿಲ್ಲ. ನಿರ್ದೇಶಕರಿಗೆ ಇವತ್ತೇ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ್ದೇನೆ. ‘ಕಾಲಂ 11ರಲ್ಲಿ ಇಲ್ಲ ಎಂದು ಬರೆದವಳು ನಾನು. ಇತ್ತು. ಈಗಲೂ ಇದೆ. ಮೂಲ ಪ್ರತಿ ಏಕಸಂಖ್ಯಾ ಘಟಕದ ಮುಖ್ಯಸ್ಥರ ಬೀರುವಿನಲ್ಲಿ ಭದ್ರವಾಗಿದೆ. ಮೂರು ದಿನ ಎಂದು ನಿಯಮ ಹೇಳುತ್ತದೆ, ಎಣಿಸಲು ಶುರುಮಾಡಿ.’

ಇದನ್ನು ತಗ್ಗಿದ್ದು ಎಂದುಕೊಳ್ಳಬೇಡ. ಬೇರೆ ಕಾಮಗಾರಿ ಇಲ್ಲ ಎಂಬ ಸಾಲಿಗೆ ಸಹಿ ಹಾಕು ಎಂದರೆ ಈಗಲೂ ಹಾಕುವುದಿಲ್ಲ.

ಬೀರುವಿನ ಬೀಗ ತೆಗಿ.

ಅಕ್ಕ


ಜುಲೈ 29

ಅಕ್ಕಾ,

ತೆಗೆದೆ.

ನಿರ್ದೇಶಕರು ನಿನ್ನ ಕಾಗದ, ನಿನ್ನ ಫಾರಂ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನನ್ನನ್ನು ಕರೆದರು. ‘ಇವ್ರು ನಿಮ್ಮ ಅಕ್ಕನಾ?’ ಎಂದರು.

‘ಹೌದು ಸಾರ್.’

‘ಮುಂಚೇನೇ ಹೇಳ್ಬಾರ್ದಿತ್ತಾ?’

‘ಹೇಳಿದ್ರೆ ಸೇತುವೆಗೆ ನಂಬರು ಕೊಡ್ತಿದ್ರಾ ಸಾರ್, ನಮ್ಮಕ್ಕನ್ನ ಬಿಡ್ತಿದ್ರಾ?’ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಎರಡು ಲಕೋಟೆ ಕಳಿಸುತ್ತಿದ್ದೇನೆ. ಒಂದರಲ್ಲಿ ಆಸ್ಪತ್ರೆ ಸೇತುವೆಯ ಒಂಬತ್ತು ಅಂಕಿ ಇದೆ, ಅದರ ಜೊತೆಗೇ ನಾಲ್ಕು ಬೋಲ್ಟಿನ ಆದೇಶ. ಉಗ್ರಾಣಕ್ಕೆ ನಾನೇ ಹೋಗಿ ಅಳತೆ ನೋಡಿ ಪೆಟ್ಟಿಗೆ ಕಟ್ಟಿಸಿದೆ. ಎಂಟು ವರ್ಷದಿಂದ ಅವು ಅಲ್ಲೇ ಇದ್ದವು, ಇನ್ಯಾವುದೋ ಶಾಖೆಯ 140ರ ಚೀಟಿ ಅಂಟಿಸಿಕೊಂಡು. ಇನ್ನೊಂದು ಲಕೋಟೆಯಲ್ಲಿ ಆರು ತಿಂಗಳ ಅಮಾನತಿನ ಆದೇಶ ಇದೆ. ಟೈಪಿಸ್ಟ್ ಅದಕ್ಕೆ ನಿನ್ನ ಹೆಸರನ್ನು ತಪ್ಪಾಗಿ ಹೊಡೆದಿದ್ದಳು, ನಾನೇ ತಿದ್ದಿಸಿದೆ. ಆಮೇಲೆ ನನ್ನ ಕೈಯಿಂದಲೇ ಟಪಾಲಿಗೆ ಹಾಕಿದೆ.

ನನ್ನ ನಿಯಮ ನನ್ನ ಅಕ್ಕನನ್ನೇ ಹಿಡಿಯಿತು. ಮನೆಯಲ್ಲಿ ಹೇಳಿದಾಗ ನಿನ್ನ ಸೊಸೆ, ‘ಅತ್ತೆ ತಪ್ಪು ಮಾಡಿದ್ಳಾ?’ ಎಂದು ಕೇಳಿದಳು. ‘ಮಾಡಿದ್ಳು, ಆಮೇಲೆ ಎಲ್ರಿಗಿಂತ ಮುಂಚೆ ಒಪ್ಕೊಂಡ್ಳು’ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಆಟಕ್ಕೆ ಓಡಿದಳು.

ಎಣಿಕೆ


ಆಗಸ್ಟ್ 20

ಎಣಿಕೆ,

ಬೋಲ್ಟ್ ಕೂತವು. ನಾಲ್ಕಕ್ಕೆ ನಾಲ್ಕು. ನಾನು ಅಮಾನತಿನಲ್ಲಿ ಇರುವವಳು, ಕೆಲಸದ ಜಾಗಕ್ಕೆ ಹೋಗುವ ಹಾಗಿಲ್ಲ. ಆದರೆ ಸೇತುವೆಯ ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರಬೇಡ ಎಂದು ಯಾವ ಆದೇಶದಲ್ಲೂ ಇಲ್ಲ. ಮೂರು ಟೀ ಕುಡಿದೆ. ಮೇಸ್ತ್ರಿ ಮೇಲಿನಿಂದ ಕೂಗಿದರು, ‘ಅಮ್ಮಾ, ಬೆಣೆ ಕೈಯಲ್ಲೇ ಬಂತು! ಸುತ್ತಿಗೆನೇ ಬೇಕಾಗ್ಲಿಲ್ಲ!’ ಅಷ್ಟು ಸಡಿಲವಾಗಿತ್ತೇ ಎಂದು ಕೈಯಲ್ಲಿದ್ದ ಟೀ ಕೆಳಗಿಟ್ಟೆ. ಟೀ ಅಂಗಡಿಯವನು ನಗುತ್ತಿದ್ದ, ಅವನಿಗೇನು ಗೊತ್ತು.

ಹಗ್ಗ ಬಿಚ್ಚಿದ ಮೇಲೆ ಮೊದಲು ಹತ್ತಿದವರು ಅದೇ ಬುತ್ತಿಯ ತಾಯಿ. ನನ್ನನ್ನು ಗುರುತು ಹಿಡಿದರು. ಮುಖ ತಿರುಗಿಸಿಕೊಂಡು ಹತ್ತಿ ಹೋದರು. ಹೋಗಲಿ. ಹತ್ತಿ ಹೋದರಲ್ಲ, ಅಷ್ಟು ಸಾಕು.

ಆ ಬೆಣೆಯನ್ನು ಮೇಸ್ತ್ರಿ ನನಗೆ ತಂದುಕೊಟ್ಟರು. ಎಂಟು ವರ್ಷ ಸೇತುವೆ ಹಿಡಿದಿದ್ದದ್ದು ಈಗ ನನ್ನ ಅಡುಗೆಮನೆಯ ಕಿಟಕಿ ಹಿಡಿದುಕೊಂಡಿದೆ. ‘ಅಮಾನತಿನಲ್ಲಿ ನೀವಿಬ್ಬರೂ ಜೋಡಿ’ ಎಂದು ನಿನ್ನ ಭಾವ ಆಡಿಕೊಳ್ಳುತ್ತಾರೆ.

ನೀನು ನೊಂದುಕೊಂಡು ಬರೆದಿದ್ದೀಯ, ಬೇಡ. ತಪ್ಪು ನನ್ನದು, ಶಿಕ್ಷೆ ನನ್ನದು, ಲೆಕ್ಕ ಸರಿಯಾಯಿತು. ನಿನ್ನ ಒಂಬತ್ತು ಅಂಕಿಯೂ ಇರಲಿ. ಅದಿಲ್ಲದಿದ್ದರೆ ಆ ಬೋಲ್ಟುಗಳು ಇನ್ನೂ ಬೇರೆ ಯಾರದೋ ಚೀಟಿ ಅಂಟಿಸಿಕೊಂಡು ಕೂತಿರುತ್ತಿದ್ದವು. ಒಪ್ಪಿಕೊಂಡೆ, ಖುಷಿಯಾಯಿತೇ? ಆದರೆ ಒಂದು ಮಾತು ಹೇಳದೆ ಬಿಡುವುದಿಲ್ಲ. ಹನ್ನೊಂದನೇ ಕಾಲಂಗೆ ನೀನು ಬಿಟ್ಟ ಜಾಗ ಹೆಬ್ಬೆರಳಿನ ಉಗುರಿನಷ್ಟು. ಅದರಲ್ಲಿ ‘ಇಲ್ಲ’ ಎಂದು ಬರೆಯಲು ಮಾತ್ರ ಆಗುತ್ತದೆ. ‘ಇದೆ’ ಎಂದು ಬರೆದವರು ವಿವರ ಎಲ್ಲಿ ಬರೆಯಬೇಕು, ಅಂಗೈ ಮೇಲೆಯೇ? ಹಟ ಇಲ್ಲದವರೂ ‘ಇಲ್ಲ’ ಎಂದೇ ಬರೆದಿರುತ್ತಾರೆ.

ಲಕೋಟೆಯಲ್ಲಿ ಅಪ್ಪನ ಬ್ಲೇಡು ಇದೆ, ಜೋಪಾನ. ಪುಸ್ತಕ ನಿನ್ನ ಹತ್ತಿರ ಇದೆ, ಆದ್ದರಿಂದ 140ರ ಬಾಲ ಕೆರೆಯುವ ಕೆಲಸ ನಿನ್ನದು. ಅಡ್ಡಡ್ಡ ಕೆರೆಯಬೇಡ, ಕಾಗದ ಹರಿಯುತ್ತದೆ. ಬಾಲದ ತುದಿಯಿಂದ ಸೊನ್ನೆಯ ಕಡೆಗೆ, ಉಸಿರು ಬಿಗಿಹಿಡಿದು.

ಅಕ್ಕ


ಸೆಪ್ಟೆಂಬರ್ 11

ಅಕ್ಕಾ,

ಕೆರೆದೆ. ಉಸಿರು ಬಿಗಿಹಿಡಿದೇ ಕೆರೆದೆ. ಆದರೂ ಕಾಗದ ಸ್ವಲ್ಪ ತೂತಾಯಿತು. ಅಪ್ಪ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದರು.

ನಿನ್ನ ಉಗುರಿನಷ್ಟು ಜಾಗದ ಮಾತು ತಲೆಯಲ್ಲಿ ಕೊರೆಯತೊಡಗಿತು. ಬೀರುವಿನಲ್ಲಿದ್ದ ಉಳಿದ ಫಾರಂಗಳನ್ನು ತೆಗೆದು ನೋಡಿದೆ. ಹದಿನೇಳು ಶಾಖೆಯವರೂ ಹನ್ನೊಂದರಲ್ಲಿ ‘ಇಲ್ಲ’ ಎಂದೇ ಬರೆದಿದ್ದಾರೆ. ನಿನ್ನದನ್ನು ಬಿಟ್ಟು ಹದಿನಾರಕ್ಕೂ ಒಂದೊಂದು ಖಾಲಿ ಹಾಳೆ ಕಳಿಸಿದೆ. ಮೇಲೆ ಒಂದೇ ಸಾಲು ಬರೆದೆ: ‘ನಮ್ಮ ಅಪ್ಪ ಮುಗಿಯದ ಕೆಲಸದ ನಂಬರಿಗೆ ಬಾಲ ಹಾಕುತ್ತಿದ್ದರು. ನೀವು ಏನು ಹಾಕುತ್ತೀರಿ? ಹೇಳಿದವರ ಮೇಲೆ ಕ್ರಮ ಇಲ್ಲ.’ ಹದಿನಾಲ್ಕನೇ ಪುಟದ ಅಮಾನತಿನ ವಾಕ್ಯವನ್ನು ಹೊಡೆದುಹಾಕಿ ನಾನೇ ಸಹಿ ಮಾಡಿದೆ. ನನಗೆ ಆ ಅಧಿಕಾರ ಇಲ್ಲ. ಆದರೂ ಮಾಡಿದೆ.

ಉತ್ತರಗಳು ಬರುತ್ತಿವೆ. ಒಂದು ಶಾಖೆಯಲ್ಲಿ ನಂಬರಿನ ಹೊಟ್ಟೆಯಲ್ಲಿ ಚುಕ್ಕೆ ಇಡುತ್ತಾರಂತೆ. ಇನ್ನೊಂದರಲ್ಲಿ ಪುಟದ ಮೂಲೆ ಮಡಚುತ್ತಾರೆ. ಒಬ್ಬರು ಪಕ್ಕದಲ್ಲಿ ಮೀನು ಬಿಡಿಸುತ್ತಾರೆ, ಯಾಕೆಂದು ಅವರಿಗೂ ಗೊತ್ತಿಲ್ಲ, ಹಿಂದಿನವರು ಬಿಡಿಸುತ್ತಿದ್ದರಂತೆ. ಮೀನುಗಳೇ ಒಂಬತ್ತು ಇವೆ, ಅದರಲ್ಲಿ ಎರಡು ಬಸ್ ಹೋಗುವ ಸೇತುವೆ. ಎಲ್ಲಕ್ಕೂ ನನ್ನ ಪಟ್ಟಿ ‘ಮುಗಿದಿದೆ’ ಎಂದು ಹೇಳುತ್ತಿದೆ.

ಹಳೆಯ ಪುಸ್ತಕಗಳನ್ನು ಒಯ್ಯಲು ಗುಜರಿ ಲಾರಿ ನಿನ್ನೆ ಬೆಳಿಗ್ಗೆ ಬಂತು. ಗೋದಾಮಿನ ಬಾಗಿಲಿಗೆ ನನ್ನ ಕುರ್ಚಿಯನ್ನು ಅಡ್ಡ ಹಾಕಿಕೊಂಡು, ತೊಡೆಯ ಮೇಲೆ ಮೀನಿನ ಶಾಖೆಯ ಪುಸ್ತಕ ಇಟ್ಟುಕೊಂಡು ಕೂತೆ. ಲಾರಿಯವನು ಹಾರನ್ ಹೊಡೆದ. ಮೆಟ್ಟಿಲಿನ ಮೇಲೆಲ್ಲ ಜನ ಸೇರಿದರು. ನಿರ್ದೇಶಕರು ಕೆಳಗೆ ಇಳಿದು ಬಂದರು. ಮೊದಲು ಮೆತ್ತಗೆ ಹೇಳಿದರು, ಆಮೇಲೆ ನೋಟಿಸ್ ಕೊಡುತ್ತೇನೆ ಎಂದರು, ಆಮೇಲೆ ಅದನ್ನು ಅಲ್ಲೇ ನಿಂತು ಬರೆದು ಕೊಟ್ಟರು. ನಾನು ತೆಗೆದುಕೊಂಡು ಓದುತ್ತಿದ್ದ ಪುಟಕ್ಕೆ ಗುರುತಿಗೆ ಇಟ್ಟುಕೊಂಡೆ.

‘ಏನ್ರೀ,’ ಎಂದರು, ‘ನೀವೂ ಬಾಲ ಬಿಚ್ತಾ ಇದೀರಾ?’

‘ಇಲ್ಲ ಸಾರ್,’ ಎಂದೆ, ‘ಎಣಿಸ್ತಾ ಇದೀನಿ.’

ಮುಗಿಯದ ಕೆಲಸ ಇವತ್ತಿಗೆ ನಲವತ್ತಮೂರು, ಅಕ್ಕಾ. ಆರು ಶಾಖೆ ಇನ್ನೂ ಬಾಕಿ ಇವೆ. ಲಾರಿ ಗೇಟಿನ ಹೊರಗೇ ನಿಂತಿದೆ, ನಾನು ಬಾಗಿಲಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಆರು ತಿಂಗಳು ನಿನಗೆ ಹೇಗೂ ಕೆಲಸವಿಲ್ಲ. ಬರುವಾಗ ಆ ಬೆಣೆ ತೆಗೆದುಕೊಂಡು ಬಾ, ಈ ಬಾಗಿಲಿಗೆ ಬೇಕು.

ನಿನ್ನ
ಎಣಿಕೆ